ಬೀಳುವ ಮೊದಲು ಬಾಗುವ ಛಾವಣಿ

ನವಲಗುಂದ, ಕುಂದಗೋಳ ಕಡೆಯ ಹಳೆಯ ಮೇಲ್ಮುದ್ದೆ ಮನೆಗಳಲ್ಲಿ ಜಡಿಮಳೆ ಹಿಡಿದರೆ ಹಿರಿಯರ ಕಿವಿ ಜಂತಿಯ ಕಡೆಗೇ ಇರುತ್ತದೆ. ನೀರು ಕುಡಿದ ಮಣ್ಣಿನ ಭಾರಕ್ಕೆ ತೊಲೆ ಲಟಲಟ ಅಂದರೆ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬರುತ್ತಾರೆ. ಕಲ್ಲಿದ್ದಲು ಗಣಿಗಳಲ್ಲೂ ಹಿಂದೆ ಛಾವಣಿಗೆ ಮರದ ಆನಿಕೆ ಕೊಡುತ್ತಿದ್ದರು. ಮುರಿಯುವ ಮೊದಲು ಸದ್ದು ಮಾಡುವ ಗುಣಕ್ಕಾಗಿಯೇ ಕಾರ್ಮಿಕರು ಮರವನ್ನು ನಂಬಿದ್ದರು.

ಧಾರವಾಡದ ನೆಲದಡಿ ಕಲ್ಲಿದ್ದಲಿಲ್ಲ. ಇಲ್ಲಿನ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಕಲ್ಲಿದ್ದಲಾಗಲು ಬೇಕಾದ ಗಿಡಮರಗಳೇ ಆಗ ಹುಟ್ಟಿರಲಿಲ್ಲ. ಆದರೆ 1985ರಿಂದ ರಾಜ್ಯಕ್ಕೆ ವಿದ್ಯುತ್ ಕೊಡುತ್ತಿರುವ ರಾಯಚೂರು ಶಾಖೋತ್ಪನ್ನ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತದೆ. ಅದೇ ಸಿಂಗರೇಣಿಯ ಅಡ್ರಿಯಾಲ ಗಣಿಯಲ್ಲಿ 2022ರ ಮಾರ್ಚ್‌ನಲ್ಲಿ ಛಾವಣಿ ಕುಸಿದು ಮೂವರು ಸತ್ತರು. ನಮ್ಮ ಪಂಪ್‌ಸೆಟ್ಟು ತಿರುಗುವುದರ ಹಿಂದೆ ಇಂಥ ಜೀವಗಳ ದುಡಿಮೆ ಇದೆ.

ಕಲ್ಲಿದ್ದಲಿನ ಮೇಲೆ ಮರಳುಗಲ್ಲು, ಜೇಡಿಗಲ್ಲು ಪದರ ಪದರವಾಗಿ ಕೂತಿರುತ್ತವೆ. ಕೆಳಗಿನ ಕಲ್ಲಿದ್ದಲು ತೆಗೆದೊಡನೆ ಆಸರೆ ತಪ್ಪಿದ ಪದರಗಳು ಬಾಗಿ, ಒಂದನ್ನೊಂದು ಬಿಡತೊಡಗುತ್ತವೆ. ಅವನ್ನು ಒಟ್ಟಿಗೆ ಬಿಗಿಯಲು ಈಗ ಉಕ್ಕಿನ ಬೋಲ್ಟ್ ಹಾಕುತ್ತಾರೆ. ಬೋಲ್ಟ್ ಗಟ್ಟಿ, ಆದರೆ ಮರದಂತೆ ಕೂಗಿ ಹೇಳುವುದಿಲ್ಲ. ಸರಳಿನಿಂದ ಛಾವಣಿ ತಟ್ಟಿ ನೋಡುವ ಪದ್ಧತಿ ಇಂದಿಗೂ ಇದೆ. ಪೊಳ್ಳು ದನಿ ಬಂದರೆ ಪದರ ಬಿಟ್ಟಿದೆ ಎಂದರ್ಥ. ಬಹಳ ಮೇಲೆ ಬಿಟ್ಟ ಪದರ ಮಾತ್ರ ಈ ತಟ್ಟುವಿಕೆಗೆ ಸಿಗುವುದಿಲ್ಲ.

ಅದಕ್ಕಾಗಿ ಬಂದದ್ದು ಟೆಲ್‌ಟೇಲ್ ಎಂಬ ಸರಳ ಸಾಧನ. ಬೋಲ್ಟ್‌ಗಿಂತ ಆಳವಾಗಿ ಮೇಲಕ್ಕೆ ರಂಧ್ರ ಕೊರೆದು, ಅಲುಗದ ಬಂಡೆಗೆ ತಂತಿ ಕಚ್ಚಿಸಿ, ಅದರ ತುದಿಗೆ ಹಸಿರು, ಹಳದಿ, ಕೆಂಪು ಪಟ್ಟಿಗಳ ಕೊಳವೆ ಇಳಿಬಿಡುತ್ತಾರೆ. ರಂಧ್ರದ ಬಾಯಿಗೆ ಇನ್ನೊಂದು ಕೊಳವೆ. ಛಾವಣಿ ಇಳಿದಂತೆ ಬಾಯಿಯ ಕೊಳವೆಯೂ ಇಳಿದು ಪಟ್ಟಿಗಳನ್ನು ಮುಚ್ಚುತ್ತದೆ. ಮೊದಲು ಹಸಿರು ಮರೆಯಾಗುತ್ತದೆ, ಆಮೇಲೆ ಹಳದಿ. ಕೆಂಪೊಂದೇ ಉಳಿದರೆ ಅಲ್ಲಿ ನಿಲ್ಲಬಾರದು. ಎರಡು ತಂತಿಗಳ ಟೆಲ್‌ಟೇಲ್ ಆದರೆ, ಪದರ ಬಿಟ್ಟದ್ದು ಬೋಲ್ಟ್ ಹಿಡಿದಷ್ಟು ಎತ್ತರದೊಳಗೋ ಅದಕ್ಕಿಂತ ಮೇಲೋ ಎಂಬುದೂ ತಿಳಿಯುತ್ತದೆ.

ಬಂಡೆಯ ಸದ್ದನ್ನು ಉಪಕರಣಗಳಿಂದ ಆಲಿಸುವುದರಲ್ಲಿ ಕರ್ನಾಟಕಕ್ಕೂ ದೊಡ್ಡ ಅನುಭವವಿದೆ. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಕೋಲಾರದ ಚಿನ್ನದ ಗಣಿಯಲ್ಲಿ (ಕೆಜಿಎಫ್) ಒತ್ತಡಕ್ಕೆ ಬಂಡೆಗಳೇ ಸಿಡಿಯುತ್ತಿದ್ದವು. ಅಲ್ಲಿ ಕಂಪನ ಗ್ರಹಿಸುವ ಜಿಯೋಫೋನ್ ಎಂಬ ಉಪಕರಣಗಳನ್ನು ಅಲ್ಲಲ್ಲಿ ಇಟ್ಟು, ಕಂಪನ ಯಾವುದಕ್ಕೆ ಎಷ್ಟು ಬೇಗ ತಲುಪಿತು ಎಂಬ ವ್ಯತ್ಯಾಸದಿಂದ ಬಿರುಕಿನ ಜಾಗ ಪತ್ತೆ ಮಾಡುತ್ತಿದ್ದರು. 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಈ ವಿದ್ಯೆಯನ್ನು ಮಧ್ಯಪ್ರದೇಶದ ರಾಜೇಂದ್ರ ಕಲ್ಲಿದ್ದಲು ಗಣಿಗೂ ಒಯ್ದಿತು.

ಜಿಯೋಫೋನ್ ದಾಖಲೆ ಓದಲು ತಜ್ಞರು ಬೇಕು. ಟೆಲ್‌ಟೇಲನ್ನು ತಲೆಯ ದೀಪದ ಬೆಳಕಿನಲ್ಲಿ ಯಾರಾದರೂ ಓದಬಹುದು; ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ. ಆದರೆ ಬಣ್ಣವೊಂದನ್ನೇ ನೋಡಿದರೆ ಸಾಲದು. ಹತ್ತು ಮಿಲಿಮೀಟರ್ ಇಳಿದು ತಿಂಗಳುಗಟ್ಟಲೆ ಹಾಗೇ ನಿಂತ ಛಾವಣಿಗಿಂತ, ನಿನ್ನೆ ಒಂದು, ಇವತ್ತು ಮೂರು ಮಿಲಿಮೀಟರ್ ಇಳಿದ ಛಾವಣಿ ಹೆಚ್ಚು ಅಪಾಯಕಾರಿ. ಹಾಗಾಗಿ ಪಾಳಿ ಪಾಳಿಗೂ ಅಂಕಿ ಬರೆದಿಡಬೇಕು, ಆ ಅಂಕಿ ಓದುವುದನ್ನು ಗುತ್ತಿಗೆ ಕಾರ್ಮಿಕರಿಗೂ ಕಲಿಸಬೇಕು.