ಹೊಳೆದದ್ದೆಲ್ಲ ಹೊಸತಲ್ಲ: ಹಳೆಯ ಬೆಳ್ಳಿ ನಾಣ್ಯದ ಮೈ ಓದುವ ಬಗೆ

ದೀಪಾವಳಿ ಸಮೀಪಿಸಿತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಕಪಾಟಿನೊಳಗಿನ ಬೆಳ್ಳಿ ಸಾಮಾನುಗಳು ಹೊರಬರುತ್ತವೆ. ದೀಪ, ಕುಂಕುಮದ ಬಟ್ಟಲುಗಳ ಜೊತೆಗೆ ಲಕ್ಷ್ಮೀಪೂಜೆಯ ತಟ್ಟೆಯಲ್ಲಿಡುವ ಹಳೆಯ ನಾಣ್ಯಗಳಿಗೂ ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿಗಳ ಸ್ನಾನವಾಗುತ್ತದೆ. ಬಟ್ಟಲಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ನಾಣ್ಯ ಒಮ್ಮೆ ಕಳೆದುಕೊಂಡ ಮೈಯನ್ನು ಮತ್ತೆ ಪಡೆಯಲಾರದು.

ಡೊಂಬಿವಲಿಯ ಕುಟುಂಬವೊಂದರಲ್ಲಿ ಇತ್ತೀಚೆಗೆ ಇಂಥದೇ ಪ್ರಸಂಗ ನಡೆಯಿತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಬದುಕು ಕಟ್ಟಿಕೊಂಡ ತಂದೆ ಬಿಟ್ಟುಹೋದ ವಸ್ತುಗಳಲ್ಲಿ ಗಾಂಧೀಜಿ ಚಿತ್ರದ ಎರಡು ಬೆಳ್ಳಿ ನಾಣ್ಯಗಳಿದ್ದವು. ಒಂದು ಪ್ರತಿವರ್ಷ ಪೂಜೆಗೆ ಬಳಕೆಯಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದು ಟ್ರಂಕಿನ ತಳದಲ್ಲಿ ಕಾಗದದ ಪೊಟ್ಟಣದಲ್ಲೇ ಉಳಿದು ಕಪ್ಪಾಗಿತ್ತು. ಬಿಳಿಯದು ಅಣ್ಣನಿಗೆ, ಕರಿಯದು ತಂಗಿಗೆ ಎಂದು ಮಾತಾಯಿತು. ತಂಗಿಗೆ ಒಳಗೊಳಗೇ ಬೇಸರ. ತನ್ನದನ್ನೂ ಬೆಳಗಿಸಿದರಾಯಿತು ಎಂದು ಅವರು ಹಲ್ಲುಪುಡಿ ಕೈಗೆತ್ತಿಕೊಂಡಾಗ, ನಾಣ್ಯ ಸಂಗ್ರಹದ ಹವ್ಯಾಸವಿರುವ ನೆರೆಮನೆಯ ಹಿರಿಯರೊಬ್ಬರು ತಡೆದರು. "ಮೊದಲು ಎರಡನ್ನೂ ದೀಪದ ಕೆಳಗೆ ನೋಡೋಣ" ಎಂದರು.

ಯಾವುದು ಈ ನಾಣ್ಯ?

ಮಹಾತ್ಮಾ ಗಾಂಧಿಯವರ ಜನ್ಮಶತಮಾನೋತ್ಸವದ ಅಂಗವಾಗಿ 1969ರಲ್ಲಿ ಹೊರತಂದ ಹತ್ತು ರೂಪಾಯಿಯ ಸ್ಮಾರಕ ನಾಣ್ಯವಿದು. ತೂಕ 15 ಗ್ರಾಂ, ಅಡ್ಡಳತೆ 34 ಮಿ.ಮೀ. ಇದರಲ್ಲಿ ಶೇ. 80ರಷ್ಟು, ಅಂದರೆ 12 ಗ್ರಾಂ ಬೆಳ್ಳಿಯಿದೆ. ನಾಣ್ಯದ ಮೇಲಿರುವ 1869–1948 ಎಂಬುದು ಗಾಂಧೀಜಿಯವರ ಜೀವಿತಾವಧಿ. ಅದನ್ನು ನೋಡಿ ನಾಣ್ಯವೇ 1948ರದ್ದು ಎಂದು ನಂಬುವವರಿದ್ದಾರೆ.

ಅದೇ ಸರಣಿಯ ಒಂದು ರೂಪಾಯಿ ಮತ್ತು 50 ಪೈಸೆಯ ನಾಣ್ಯಗಳು ನಿಕ್ಕಲಿನವು. 1964ರ ನೆಹರೂ ನಾಣ್ಯಗಳೂ ನಿಕ್ಕಲಿನವೇ. ಇವನ್ನು ಬೆಳ್ಳಿಯೆಂದು ಜೋಪಾನ ಮಾಡಿದವರು ಒಂದು ಅಯಸ್ಕಾಂತ ಹಿಡಿದರೆ ಸಾಕು. ನಿಕ್ಕಲ್ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟಿಕೊಳ್ಳುವುದಿಲ್ಲ.

ಟಂಕಸಾಲೆಯ ಹೊಳಪು, ತಿಕ್ಕಿದ ಹೊಳಪು

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯ ಮೇಲೆ ಅಚ್ಚು ಬಲವಾಗಿ ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ. ನಾಣ್ಯದ ಮೂಲ ಮೈ ಎಂದರೆ ಇದೇ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಮೇಜಿನ ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ, ಬೆಳಕಿನ ಪಟ್ಟಿಗಳು ಗಾಡಿಯ ಚಕ್ರದ ಕಡ್ಡಿಗಳಂತೆ ಸುತ್ತುತ್ತವೆ. ತಿಕ್ಕಿದ ನಾಣ್ಯವೂ ಹೊಳೆಯುತ್ತದೆ, ಆದರೆ ಆ ಬೆಳಕು ತಿರುಗುವುದಿಲ್ಲ. ಸ್ಟೀಲ್ ತಟ್ಟೆಯಂತೆ ಎಲ್ಲ ಕಡೆಯೂ ಒಂದೇ ಸಮನಾಗಿ ಮಿನುಗುತ್ತದೆ.

ಅಣ್ಣನ ನಾಣ್ಯದಲ್ಲಿ ಬೆಳಕು ನಿಂತಲ್ಲೇ ನಿಂತಿತು. ತಂಗಿಯ ನಾಣ್ಯದಲ್ಲಿ ಕಪ್ಪಿನ ಅಡಿಯಿಂದಲೇ ಮಂದವಾದ ಪಟ್ಟಿಯೊಂದು ಸುತ್ತಿತು.

ಮುಂದಿನ ಪರೀಕ್ಷೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯದು. ಒರೆಸಿದ, ತಿಕ್ಕಿದ ನಾಣ್ಯದ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಗುಂಪುಗುಂಪಾಗಿ ಕಾಣುತ್ತವೆ. ಇಲ್ಲಿ ಅವಸರದ ತೀರ್ಪು ಸಲ್ಲದು. ಅಚ್ಚನ್ನೇ ಉಜ್ಜಿ ನಯಗೊಳಿಸಿದಾಗಲೂ ನಾಣ್ಯದ ಮೇಲೆ ಗೆರೆಗಳು ಬರುವುದುಂಟು. ಆದರೆ ಅವು ಉಬ್ಬಿದ ಗೆರೆಗಳು. ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತವೆ. ತಿಕ್ಕಿದ ಗೀರುಗಳಾದರೋ ತಗ್ಗಾಗಿದ್ದು, ಅಕ್ಷರವನ್ನೂ ಮುಖವನ್ನೂ ಹತ್ತಿ ದಾಟುತ್ತವೆ. ಬಯಲು ಜಾಗವೆಲ್ಲ ಬೆಳ್ಳಗಿದ್ದು ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಕೊಳೆ ಉಳಿದಿದ್ದರೆ, ಅದೂ ಕೈ ಹಾಕಿದ್ದಕ್ಕೆ ಸಾಕ್ಷಿ.

ಗಾಂಧೀಜಿಯವರ ಕೆನ್ನೆ, ಕಿವಿಯಂಥ ಎತ್ತರದ ಭಾಗಗಳು ಸವೆದಿದ್ದರೂ ನಾಣ್ಯ ಹೊಸದರಂತೆ ಫಳಫಳಿಸಿದರೆ ಅನುಮಾನಿಸಲೇಬೇಕು. ಸವೆದ ಬೆಳ್ಳಿಗೆ ಸಹಜವಾದುದು ಮಂದ ಬೂದು ಬಣ್ಣ.

ಕಪ್ಪೆಲ್ಲ ಕೊಳೆಯಲ್ಲ

ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಬೆಳ್ಳಿಯ ಸಲ್ಫೈಡ್ ಎಂಬ ತೆಳು ಪದರ ಕಟ್ಟುತ್ತದೆ. ಹಳೆಯ ಕಾಗದ, ರಟ್ಟು, ಉಣ್ಣೆ, ರಬ್ಬರ್ ಬ್ಯಾಂಡುಗಳೂ ಇದಕ್ಕೆ ಕಾರಣವಾಗುತ್ತವೆ. ಪದರ ದಪ್ಪವಾಗುತ್ತಾ ಹೋದಂತೆ ಬಣ್ಣ ಹಳದಿಯಿಂದ ಕಂದು, ನೇರಳೆ, ನೀಲಿಗೆ ತಿರುಗಿ ಕೊನೆಗೆ ಕಪ್ಪಾಗುತ್ತದೆ. ಸಹಜವಾಗಿ ಬಂದ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಗೆ ಹಂತಹಂತವಾಗಿ ಹರಡಿರುತ್ತದೆ. ಶಾಖ ಅಥವಾ ಗಂಧಕ ಬಳಸಿ ಬೇಗನೆ ತರಿಸಿದ ಬಣ್ಣದಲ್ಲಿ ಈ ಹಂತಗಳಿರುವುದಿಲ್ಲ. ಅದು ಬಳಿದಂತೆ ಕಾಣುತ್ತದೆ.

ಆದರೆ ಕಪ್ಪಾಗಿದ್ದ ಮಾತ್ರಕ್ಕೆ ಮೂಲ ಮೈ ಎಂದು ತಿಳಿಯುವುದೂ ತಪ್ಪು. ಹಿಂದೆಂದೋ ತಿಕ್ಕಿದ ನಾಣ್ಯವೂ ವರ್ಷಗಳು ಕಳೆದಂತೆ ಮತ್ತೆ ಕಪ್ಪಾಗುತ್ತದೆ. ಆ ಬಣ್ಣದ ಅಡಿಯಲ್ಲಿ ಗೀರುಗಳಿವೆಯೇ, ಬೆಳಕು ತಿರುಗುತ್ತದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು.

ಬೆಳ್ಳಿ ಬೆಳಗುವ ರಾಸಾಯನಿಕ ದ್ರವದಲ್ಲಿ ಅದ್ದಿದರೆ ಗೀರು ಬೀಳುವುದಿಲ್ಲ ಎಂಬ ವಾದವಿದೆ. ಗೀರು ಬೀಳುವುದಿಲ್ಲ ನಿಜ, ಆದರೆ ದ್ರವವು ಕಪ್ಪಿನೊಂದಿಗೆ ಬೆಳ್ಳಿಯ ಮೇಲ್ಪದರವನ್ನೂ ಒಯ್ಯುತ್ತದೆ. ಪದೇಪದೇ ಅದ್ದಿದ ನಾಣ್ಯ ಜೀವವಿಲ್ಲದ ಸುಣ್ಣದ ಬಿಳುಪಿಗೆ ಬರುತ್ತದೆ. ಕಳೆದುಹೋಗುವ ಲೋಹ ಅತ್ಯಲ್ಪವಾದುದರಿಂದ ಮನೆಯ ತಕ್ಕಡಿಗೆ ಇದು ತಿಳಿಯುವುದಿಲ್ಲ.

ಬೆಲೆ ಎಲ್ಲಿದೆ?

2025ರಲ್ಲಿ ಕಿಲೋ ಬೆಳ್ಳಿಯ ಬೆಲೆ ಒಂದು ಲಕ್ಷ ರೂಪಾಯಿ ದಾಟಿದಾಗ ಇಂಥ ನಾಣ್ಯಗಳನ್ನು ಕರಗಿಸುವ ಆಲೋಚನೆ ಹಲವರಿಗೆ ಬಂದಿರಬಹುದು. ಆದರೆ ಸರಕಾರದ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ ಎಂಬುದನ್ನು ಮರೆಯಬಾರದು. ಸಂಗ್ರಾಹಕರು ಹಣ ಕೊಡುವುದು ಬೆಳ್ಳಿಗೆ ಮಾತ್ರವಲ್ಲ, ಕೆಡದೆ ಉಳಿದ ಮೈಗೆ. ನಾಣ್ಯಗಳಿಗೆ ದರ್ಜೆ ನೀಡುವ ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ಕೆಟ್ಟದಾಗಿ ತಿಕ್ಕಿದ ನಾಣ್ಯಕ್ಕೆ ಅಂಕಿಯ ದರ್ಜೆ ಕೊಡದೆ, ದೋಷವನ್ನೇ ನಮೂದಿಸಿ ಕಳುಹಿಸುತ್ತವೆ.

ಹಾಗಾದರೆ ಮಾಡಬೇಕಾದುದೇನು? ನಾಣ್ಯದ ಮುಖವನ್ನು ಮುಟ್ಟದೆ ಅಂಚನ್ನು ಹಿಡಿಯಬೇಕು. ಬೆರಳಿನ ಬೆವರೂ ಗುರುತು ಬಿಡುತ್ತದೆ. ಜಿಡ್ಡಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ, ತಿಕ್ಕದೆ ಒಣಗಿಸಬಹುದು. ಅದು ಬೆಳ್ಳಿಯನ್ನು ಮುಟ್ಟುವುದಿಲ್ಲ. ಆದರೆ ಬೇಗನೆ ಬೆಂಕಿ ಹತ್ತುವ ದ್ರವವಾದುದರಿಂದ ದೇವರ ದೀಪ, ಗ್ಯಾಸ್ ಒಲೆಗಳ ಬಳಿ ಬಳಸಕೂಡದು. ಮೆದು ಪಿವಿಸಿ ಚೀಲಗಳು ಕಾಲಕ್ರಮೇಣ ಹಸಿರು ಅಂಟು ಬಿಡುತ್ತವೆ. ಪಿವಿಸಿ ಇಲ್ಲದ ಹಾಳೆಗಳನ್ನೇ ಆರಿಸಬೇಕು. ಮುಂಬಯಿಯ ತೇವದ ಹವೆಗೆ ಡಬ್ಬಿಯಲ್ಲೊಂದು ಸಿಲಿಕಾ ಜೆಲ್ ಪೊಟ್ಟಣವಿಡುವುದು ಒಳ್ಳೆಯದು. ಪೂಜೆಗೆ ಒಂದು ನಾಣ್ಯ ಬೇಕೇಬೇಕೆಂದರೆ ಈಗಾಗಲೇ ಬೆಳಗಿದ್ದನ್ನೇ ಬಳಸಲಿ.

ಡೊಂಬಿವಲಿಯ ಮನೆಯಲ್ಲಿ ಪರೀಕ್ಷೆ ಮುಗಿದ ಮೇಲೆ, ಬೇಕಿದ್ದರೆ ಬದಲಾಯಿಸಿಕೊಳ್ಳೋಣ ಎಂದು ತಂಗಿಯೇ ಮುಂದಾದರು. ಅಣ್ಣ ಒಪ್ಪಲಿಲ್ಲ. ಪ್ರತಿ ದೀಪಾವಳಿಗೂ ಅದನ್ನು ತಿಕ್ಕಿ ಬೆಳಗಿಸಿದವರು ತಾಯಿ. ಅವರ ಬೆರಳು ಸವೆಸಿದ ನಾಣ್ಯ ತನಗಿರಲಿ ಎಂದರು. ಕರಿಯ ನಾಣ್ಯ ಹೊಸ ಡಬ್ಬಿ ಸೇರಿತು, ಹಲ್ಲುಪುಡಿ ಸ್ನಾನದ ಮನೆಗೆ ಮರಳಿತು.