ನಗರವೋ ನಜರ್‌ಬಾರೋ? ಟಿಪ್ಪುವಿನ ಆನೆ ಪೈಸೆಯಲ್ಲಿ ಒತ್ತು ಮತ್ತು ಅಪರೂಪ

ಮೈಸೂರು ಸೀಮೆಯ ಹಳೇ ನಾಣ್ಯಗಳಲ್ಲಿ ಸುಲಭವಾಗಿ ನೋಡಲು ಸಿಗುವುದು ಟಿಪ್ಪು ಸುಲ್ತಾನನ ತಾಮ್ರದ ಪೈಸೆ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪರ್ಷಿಯನ್ ಅಕ್ಷರಗಳಲ್ಲಿ ಟಂಕಸಾಲೆಯ ಹೆಸರು. ಅದೇ ತೂಕ, ಅದೇ ಆನೆ. ಆದರೂ ಒಂದನ್ನು ಕೇಳುವವರೇ ಇರುವುದಿಲ್ಲ, ಮತ್ತೊಂದಕ್ಕೆ ಹರಾಜಿನಲ್ಲಿ ಪೈಪೋಟಿ. ಯಾಕೆ ಅಂತ ಕೇಳಿದರೆ "ಅದು ಅಪರೂಪದ್ದು" ಅಂತಾರೆ. ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ಸುತ್ತಿಗೆಯ ಏಟಿನಲ್ಲಿದೆ.

ಹೂಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಡೈ, ಪ್ರೆಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಕೆಳಗಿನ ಅಚ್ಚು ಕದಲದಂತೆ ನೆಟ್ಟಿರುತ್ತಿತ್ತು, ಮೇಲೆ ತಾಮ್ರದ ಬಿಲ್ಲೆ, ಅದರ ಮೇಲೆ ಇನ್ನೊಂದು ಅಚ್ಚು, ಆಮೇಲೆ ಸುತ್ತಿಗೆ. ಬಿಲ್ಲೆಯ ಅಂಚು ಹಿಡಿದು ನಿಲ್ಲಿಸುವ ಬಳೆ ಇರಲಿಲ್ಲ. ಅದಕ್ಕೇ ಲೋಹ ತನಗೆ ತೋಚಿದ ಕಡೆ ಹರಡಿಕೊಳ್ಳುತ್ತಿತ್ತು. ಎಷ್ಟೋ ಸಲ ಬಿಲ್ಲೆಗಿಂತ ಅಚ್ಚೇ ದೊಡ್ಡದು, ಹಾಗಾಗಿ ಬರಹದ ಒಂದು ತುಂಡು ಹೊರಗೇ ಉಳಿದುಹೋಗುತ್ತಿತ್ತು. ಏಟು ಓರೆಯಾದರೆ ಒಂದು ಬದಿ ಆಳ, ಇನ್ನೊಂದು ಬದಿ ಮಸುಕು. ಪಕ್ಕದ ಮೇಟಗಳ್ಳಿಯ ಮುದ್ರಣಾಲಯದಲ್ಲಿ ಈಗ ಅಚ್ಚಾಗುವ ನೋಟುಗಳ ಹಾಗೆ ಒಂದರಂತೆ ಇನ್ನೊಂದು ಇರುವ ಮಾತೇ ಇಲ್ಲ.

ಹೊಸಬರು ಇಲ್ಲಿ ಎರಡು ವಿಷಯ ಬೆರೆಸಿಬಿಡುತ್ತಾರೆ. ಒತ್ತು ಬೇರೆ, ಸವೆತ ಬೇರೆ. ಕೈಯಿಂದ ಕೈಗೆ ತಿರುಗಿದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಜಾಗ: ಆನೆಯ ಹೊಟ್ಟೆ, ತೊಡೆ, ಕಿವಿಯ ಉಬ್ಬು. ಅಲ್ಲಿ ಮೇಲ್ಮೈ ನುಣ್ಣಗಿರುತ್ತೆ. ಒತ್ತು ಸಾಲದ ನಾಣ್ಯದಲ್ಲಿ ಹಾಗಲ್ಲ. ಅಚ್ಚಿನ ಗುಂಡಿಯೊಳಕ್ಕೆ ಲೋಹ ಹರಿದೇ ಇರುವುದಿಲ್ಲ, ಬಿಲ್ಲೆಯ ಮೂಲ ಒರಟುತನ ಹಾಗೇ ಉಳಿದಿರುತ್ತೆ. ಒಂದೇ ನಾಣ್ಯದ ಎಡಭಾಗ ಚೂಪಾಗಿದ್ದು ಬಲಭಾಗ ಮಂಕಾಗಿದ್ದರೆ ಅದು ಬಹುಪಾಲು ಒತ್ತಿನ ಕೊರತೆ. ಜೇಬಿನ ಸವೆತ ಒಂದೇ ಕಡೆ ಆಗುವುದಿಲ್ಲವಲ್ಲ! ಮೂರನೆಯದೊಂದಿದೆ, ಅಚ್ಚೇ ಹಳತಾಗಿರುವುದು. ಆಗ ಅಕ್ಷರ ಎತ್ತರವಾಗಿಯೇ ಇರುತ್ತೆ, ಅಂಚು ಮಾತ್ರ ಊದಿಕೊಂಡಂತೆ ಕಾಣುತ್ತೆ. ನನ್ನ ಮಟ್ಟಿಗೆ, ಗಟ್ಟಿ ಒತ್ತಿದ್ದು ಸ್ವಲ್ಪ ಸವೆದ ಪೈಸೆ, ಒತ್ತೇ ಬೀಳದ ಹೊಚ್ಚಹೊಸ ಪೈಸೆಗಿಂತ ಮೇಲು. ಮೊದಲನೆಯದನ್ನು ಓದಬಹುದು.

ಓದುವುದೇ ಇಲ್ಲಿ ಮುಖ್ಯ. ಟಿಪ್ಪುವಿಗೆ ಹಲವು ಟಂಕಸಾಲೆಗಳಿದ್ದವು. ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಪೈಸೆ ಹೇರಳ. ನಗರದ್ದು (ಮಲೆನಾಡಿನ ಬಿದನೂರು) ಕೂಡ ಸಿಗುತ್ತೆ. ನಜರ್‌ಬಾರ್ ಮಾತ್ರ ವಿರಳ. ಹಳೇ ಮೈಸೂರು ಕೋಟೆ ಕೆಡವಿಸಿ ಟಿಪ್ಪು ಹೊಸದಾಗಿ ಕಟ್ಟಿಸಲು ಹೊರಟ ಜಾಗ ಅದು, ನಮ್ಮ ಇವತ್ತಿನ ನಜರ್‌ಬಾದ್. ಈಗ ಬರಹ ನೋಡಿ. ಪರ್ಷಿಯನ್‌ನಲ್ಲಿ 'ನಗರ', 'ನಜರ್‌ಬಾರ್' ಎರಡೂ 'ನೂನ್' ಅಕ್ಷರದಿಂದ ಶುರು, ಎರಡರಲ್ಲೂ ಮೂರನೆಯದು 'ರೇ'. ವ್ಯತ್ಯಾಸ ಇರುವುದು ನಡುವಿನ ಒಂದಕ್ಷರದಲ್ಲಿ, ಕೊನೆಯ 'ಬಾರ್'ನಲ್ಲಿ. ನಡುವೆ ಒತ್ತು ಮಂಕಾಗಿ, ಕೊನೆಯ ಭಾಗ ಬಿಲ್ಲೆಯಿಂದಾಚೆ ಹೋಗಿದ್ದರೆ ಅದು ನಜರ್‌ಬಾರ್ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ಮಾರುವವನು ಹೇಳುತ್ತಾನೆ, ಸರಿ. ಆದರೆ ಓದಲು ಬಾರದ ಅಪರೂಪಕ್ಕೆ ಅಪರೂಪದ ಬೆಲೆ ಕೊಡಬಾರದು. ಅರ್ಧ ಅಳಿಸಿದ ಶಾಸನದಲ್ಲಿ ಬೇಕಾದ ರಾಜನ ಹೆಸರು ಓದುವುದೂ ಇದೂ ಒಂದೇ.

ಇಸವಿಯ ವಿಚಾರದಲ್ಲೂ ಎಚ್ಚರ ಬೇಕು. 1787ರಿಂದ ಟಿಪ್ಪು ಮೌಲೂದಿ ಶಕೆ ಬಳಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತೆ. "ಇದರಲ್ಲಿ ಇಸವಿ ತಪ್ಪಾಗಿ ಬಿದ್ದಿದೆ, ಬಹಳ ಅಪರೂಪ" ಅಂತ ಯಾರಾದರೂ ತೋರಿಸಿದರೆ ನಕ್ಕು ಸುಮ್ಮನಾಗಿ.

ಇನ್ನು, ಕಡಿಮೆ ಸಂಖ್ಯೆ ಅಂದಮಾತ್ರಕ್ಕೆ ಹೆಚ್ಚು ಬೆಲೆ ಅಂತಲೂ ಇಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತೆ ಅಂತ ಗಲಾಟೆಯಾಯಿತು. ಸುಮಾರು 94 ಲಕ್ಷ ಟಂಕಿಸಿದ್ದರಲ್ಲಿ ಹೊರಗೆ ಬಂದದ್ದು ಸುಮಾರು 7 ಲಕ್ಷ, ಉಳಿದವು ಕರಗಿದವು. 7 ಲಕ್ಷವೇನೂ ಚಿಕ್ಕ ಸಂಖ್ಯೆಯಲ್ಲ, ಆದರೆ ಕಥೆ ಎಲ್ಲರಿಗೂ ಗೊತ್ತು, ಬೇಕು ಅನ್ನುವವರು ದೇಶದ ತುಂಬ. ನಜರ್‌ಬಾರ್ ಪೈಸೆ ಅದಕ್ಕಿಂತ ಎಷ್ಟೋ ವಿರಳ, ಹುಡುಕುವವರು ಬೆರಳೆಣಿಕೆ.

ಚಿನ್ನದ ಕಂಠೀರಾಯಿ ಹಣದಲ್ಲಿ ಒತ್ತಿನ ಕಷ್ಟ ಇನ್ನೂ ಹೆಚ್ಚು. ರಣಧೀರ ಕಂಠೀರವ ನರಸರಾಜ ಒಡೆಯರ್ (1638–1659) ಶುರು ಮಾಡಿದ ಈ ಹಣ ಗ್ರಾಮಿನ ಮೂರನೇ ಒಂದರಷ್ಟು ತೂಗುತ್ತೆ, ಅಷ್ಟೇ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿಯಲ್ಲಿ 'ಶ್ರೀ ಕಂಠೀರವ'. ಮುಂದೆ ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಅದೇ ಮಾದರಿ ಮತ್ತೆ ಹೊರಬಂತು. ಎರಡಕ್ಷರ ಮಾತ್ರ ಬಿದ್ದಿರುವ ಹಣ ಹಿಡಿದು ಇದು ಒಡೆಯರ ಕಾಲದ್ದೇ ಅಂತ ಆಣೆ ಹಾಕುವವರಿಗೆ ಧೈರ್ಯ ಬೇಕು.

ಒಂದು ಬೇಡಿಕೆ. ಮನೆಯಲ್ಲಿ ಹಳೇ ಪೈಸೆ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಂದು ಪದರದ ಜೊತೆ ಅಕ್ಷರದ ಅಂಚೂ ಹೋಗುತ್ತೆ, ಆಮೇಲೆ ಯಾರಿಂದಲೂ ಓದಿಸಲಾಗುವುದಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ವಿದೇಶಕ್ಕೆ ಕಳಿಸುವಂತಿಲ್ಲ. ತೂಕ ಬರೆದಿಡಿ. ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಇಟ್ಟು, ನಾಲ್ಕೂ ದಿಕ್ಕಿನಿಂದ ಎರಡೂ ಮುಖದ ಫೋಟೋ ತೆಗೆಯಿರಿ. ಒಂದು ದಿಕ್ಕಿನಲ್ಲಿ ಮಾಯವಾದ 'ಬಾರ್' ಇನ್ನೊಂದರಲ್ಲಿ ಕಾಣಿಸಿಕೊಳ್ಳಬಹುದು.