ಈರುಳ್ಳಿಯೊಳಗಿನ ಜೋಡಿಗೋಡೆ

ಈರುಳ್ಳಿ ಕಿತ್ತು ರಾಶಿ ಹಾಕುವ ಕಾಲಕ್ಕೆ ಹಿರಿಯೂರು, ಹೊಸದುರ್ಗದ ಹೊಲಗಳ ಬದುವಿನಲ್ಲಿ ನಿಂತರೆ ಸೀಮೆಯೆಲ್ಲ ಅದರದೇ ಘಾಟು. ಶಾಲೆಯ ಪ್ರಯೋಗಾಲಯದಲ್ಲಿ ಜೀವಕೋಶದ ಮೊದಲ ದರ್ಶನ ಮಾಡಿಸುವುದೂ ಅದೇ ಈರುಳ್ಳಿ. ಎಸಳಿನ ಒಳಮೈಯಿಂದ ತೆಳ್ಳನೆ ಸಿಪ್ಪೆ ಎತ್ತಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ಹನಿ ಸ್ಯಾಫ್ರನಿನ್ ಬಿಟ್ಟರೆ ಇಟ್ಟಿಗೆ ಜೋಡಿಸಿದಂತೆ ಕೋಶಗಳು. ಒಂದೊಂದರಲ್ಲೂ ಕೆಂಪು ಬೊಟ್ಟು. ಅದು ಕೋಶಕೇಂದ್ರ. ಮಕ್ಕಳು ಅದರ ಸುತ್ತ ಗೆರೆ ಎಳೆದು ‘ಕೋಶಕೇಂದ್ರ ಪೊರೆ’ ಎಂದು ಬರೆದು ಅಂಕ ಗಿಟ್ಟಿಸುತ್ತಾರೆ.

ಆ ಗೆರೆ ಅರ್ಧ ಸುಳ್ಳು.

ಪೊರೆ ಒಂದಲ್ಲ, ಎರಡು. ನಡುವಿನ ಸಂದು 30ರಿಂದ 50 ನ್ಯಾನೊಮೀಟರ್. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರ ಇರುವ ಗೆರೆಗಳನ್ನು ಶಾಲೆಯ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಲಾರದು, ಆದ್ದರಿಂದ ತಪ್ಪು ಮಕ್ಕಳದಲ್ಲ. ಹೊರಪೊರೆ ಎಂಡೋಪ್ಲಾಸ್ಮಿಕ್ ಜಾಲದ್ದೇ ಮುಂದುವರಿಕೆ. ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ಅದರ ಮೈಗಂಟಿರುತ್ತವೆ. ಅಲ್ಲಲ್ಲಿ ಎರಡೂ ಪೊರೆಗಳ ಅಂಚು ಕೂಡಿ ರಂಧ್ರವಾಗುತ್ತದೆ. 1950ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಉಭಯಚರಗಳ ಅಂಡಕೋಶದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಈ ರಂಧ್ರಗಳನ್ನು ಕಂಡರು.

ದುರ್ಗದವರಿಗೆ ಕಿಂಡಿ ಎಂದೊಡನೆ ಓಬವ್ವನೇ ನೆನಪು. ಇಲ್ಲಿ ಒನಕೆ ಇಲ್ಲ, ಜರಡಿ ಇದೆ. ಸುಮಾರು 30 ಬಗೆಯ ಪ್ರೋಟೀನುಗಳು ಎಂಟೆಸಳಿನ ರಂಗೋಲಿಯಂತೆ ರಂಧ್ರದ ಸುತ್ತ ಕೂತಿವೆ. ಕೆಲವು ತಮ್ಮ ಎಳೆಗಳನ್ನು ನಡುವೆ ಇಳಿಬಿಟ್ಟಿವೆ. ನೀರು, ಉಪ್ಪಿನ ಅಯಾನುಗಳಂಥ ಚಿಕ್ಕವು ಯಾರನ್ನೂ ಕೇಳದೆ ನುಸುಳುತ್ತವೆ. ದೊಡ್ಡ ಪ್ರೋಟೀನಿನ ಮೈಯಲ್ಲಿ ಮಾತ್ರ ಗುರುತಿನ ಅಮೈನೋ ಆಮ್ಲಗಳ ಸಾಲು ಇರಬೇಕು. ಅದನ್ನು ಓದಬಲ್ಲ ಇಂಪೋರ್ಟಿನ್ ಎಂಬ ಪ್ರೋಟೀನು ಜೊತೆಗೂಡಿ ಒಳಕ್ಕೆ ಕರೆದೊಯ್ಯುತ್ತದೆ. ಒಂದೇ ರಂಧ್ರದಲ್ಲಿ ಸೆಕೆಂಡಿಗೆ ಸಾವಿರದಷ್ಟು ಓಡಾಟ! ಸಂತೆಯ ದಿನದ ಬಸ್‌ ನಿಲ್ದಾಣವೂ ಇದರ ಮುಂದೆ ಏನೂ ಅಲ್ಲ.

ಮನುಷ್ಯರಲ್ಲಿ ಒಳಪೊರೆಗೆ ಲ್ಯಾಮಿನ್ ಪ್ರೋಟೀನಿನ ನೇಯ್ಗೆಯ ಆಸರೆ ಇದೆ. ಲ್ಯಾಮಿನ್ ಎ ಜೀನಿನಲ್ಲಿ ಒಂದಕ್ಷರ ತಪ್ಪಿದರೂ ಕೋಶಕೇಂದ್ರ ಆಕಾರಗೆಟ್ಟು, ಎಳೆಯ ಮಕ್ಕಳಿಗೆ ಮುಪ್ಪು ತರುವ ಪ್ರೊಜೀರಿಯಾ ಕಾಣಿಸಿಕೊಳ್ಳಬಹುದೆಂದು 2003ರಲ್ಲಿ ಗೊತ್ತಾಯಿತು. ಈರುಳ್ಳಿಯಲ್ಲಿ ಲ್ಯಾಮಿನ್ ಇಲ್ಲ. ಆ ಕೆಲಸಕ್ಕೆ ಬೇರೆ ಪ್ರೋಟೀನುಗಳಿವೆ.

ಇಷ್ಟೆಲ್ಲ ಕಟ್ಟಿಕೊಂಡ ಗೋಡೆಯನ್ನು ಕೋಶ ಒಡೆದು ಎರಡಾಗುವಾಗ ತಾನೇ ಕಳಚುತ್ತದೆ, ಮರಿಕೋಶಗಳಲ್ಲಿ ಮತ್ತೆ ಕಟ್ಟುತ್ತದೆ. ಪಿಯು ಪ್ರಯೋಗದಲ್ಲಿ ಈರುಳ್ಳಿ ಬೇರಿನ ತುದಿಯನ್ನು ಗಾಜಿನಡಿ ಅದುಮಿ ನೋಡಿದವರು ಗೋಡೆಯಿಲ್ಲದ ಆ ಗಳಿಗೆಯನ್ನು ಕಂಡೇ ಇರುತ್ತಾರೆ.

ವಿಜ್ಞಾನದ ಮೇಷ್ಟ್ರು, ಮೇಡಂಗಳಲ್ಲಿ ಒಂದೇ ಬಿನ್ನಹ: ಮುಂದಿನ ಸಲ ಬೋರ್ಡಿನ ಮೇಲೆ ಎರಡು ಗೆರೆ ಎಳೆಯಿರಿ, ಅಲ್ಲಲ್ಲಿ ತೆರಪು ಬಿಡಿ, ತೆರಪಿನ ಬಾಯಲ್ಲಿ ಎರಡರ ತುದಿಗಳನ್ನೂ ಕೂಡಿಸಿ.